ಕ್ಯಾಂಪಸ್ಸಿನಲ್ಲಿ ಸ್ಮೃತಿವನ ಮಾಡುವ ಬಗೆ

ಅಗಲಿದ ವಿದ್ಯಾರ್ಥಿಗಳು, ಅಧ್ಯಾಪಕರು, ಸಿಬ್ಬಂದಿಯ ನೆನಪಿಗೆ ವಿಶ್ವವಿದ್ಯಾಲಯದ ಆವರಣದಲ್ಲಿ ಸ್ಮೃತಿವನ ಮಾಡಹೊರಟವರು, ಮೂರನೆಯ ಬೇಸಿಗೆಯಲ್ಲಿ ಗಿಡಗಳಿಗೆ ನೀರು ಹಾಕುವವರು ಯಾರೆಂಬುದನ್ನು ಮೊಟ್ಟಮೊದಲು ಗೊತ್ತುಮಾಡಿಕೊಳ್ಳಬೇಕು. ನಮ್ಮ ಹಿಂದಿನವರು ಇದನ್ನು ಕಲ್ಲಿನಲ್ಲೇ ಬರೆದಿಟ್ಟಿದ್ದಾರೆ. ಮಂಡ್ಯ ಜಿಲ್ಲೆಯ ಆತಕೂರಿನ 10ನೇ ಶತಮಾನದ ಶಾಸನವು ಕಾಡುಹಂದಿಯೊಡನೆ ಕಾದಾಡಿ ಮಡಿದ ಕಾಳಿ ಎಂಬ ನಾಯಿಯನ್ನು ಸ್ಮರಿಸುತ್ತದೆ. ಆ ಕಲ್ಲಿಗೆಂದು ಭೂಮಿ ಬಿಟ್ಟು, ಅದನ್ನು ನೋಡಿಕೊಳ್ಳುವ ಗೊರವನು (ಶೈವ ಪೂಜಾರಿ) ಕಲ್ಲನ್ನು ಪೂಜಿಸದೆ ಉಣ್ಣಬಾರದೆಂದೂ ಅದರಲ್ಲಿ ಕಟ್ಟಳೆ ಮಾಡಲಾಗಿದೆ. ಇಂದು ಅದಕ್ಕೆ ಸಮನಾದದ್ದೆಂದರೆ ವಾರ್ಷಿಕ ಬಜೆಟ್ಟಿನಲ್ಲಿ ನಿರ್ವಹಣೆಗೆಂದೇ ತೆಗೆದಿರಿಸಿದ ಹಣ ಮತ್ತು ಹೊಣೆ ಹೊತ್ತ ಒಬ್ಬ ಮಾಲಿ.

ಜಾಗವು ಕ್ಯಾಂಟೀನು, ವಾಹನ ನಿಲುಗಡೆಗಳ ಗದ್ದಲದಿಂದ ದೂರವಿದ್ದರೂ ಗ್ರಂಥಾಲಯದಿಂದ ಐದು ನಿಮಿಷದ ನಡಿಗೆಯಲ್ಲಿರಲಿ. ತೀರ ಮೂಲೆಗೆ ತಳ್ಳಿದರೆ ಸಂಜೆ ಒಬ್ಬರೇ ಹೋಗಿ ಕೂರಲು ಹೆಣ್ಣುಮಕ್ಕಳು ಹಿಂಜರಿಯುತ್ತಾರೆ. ಹಳೆಯ ಹೊಂಗೆಯೋ ಮಾವೋ ಇರುವ ಜಾಗ ಸಿಕ್ಕರೆ ಬಿಡಬೇಡಿ, ನೆರಳು ಮೊದಲ ದಿನವೇ ಸಿಗುತ್ತದೆ.

ಹೊಸದಾಗಿ ನೆಡುವುದಕ್ಕೆ ನನ್ನ ಮೊದಲ ಆಯ್ಕೆ ಬಕುಳ. ವರ್ಷವಿಡೀ ಹಸಿರಾಗಿ, ದಟ್ಟ ನೆರಳು ಕೊಡುವ ಈ ಮರದ ನಕ್ಷತ್ರದಂಥ ಪುಟ್ಟ ಹೂಗಳು ನೆಲಕ್ಕುದುರಿ, ಬಾಡಿ ಕಂದುಬಣ್ಣಕ್ಕೆ ತಿರುಗಿದ ಮೇಲೂ ಪರಿಮಳ ಕಳೆದುಕೊಳ್ಳುವುದಿಲ್ಲ. ಜೊತೆಗೆ ಒಂದೆರಡು ಪಾರಿಜಾತವಿರಲಿ. ಆಕಾಶಮಲ್ಲಿಗೆ, ಗುಲ್‌ಮೊಹರ್‌ಗಳ ಕೊಂಬೆಗಳು ಗಾಳಿಗೆ ಬೇಗ ಮುರಿಯುವುದರಿಂದ ಜನ ಕೂರುವ ಕಡೆ ಅವು ಬೇಡ.

ಬೇಸಿಗೆಯಲ್ಲೇ 2 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಆಳದ ಗುಂಡಿ ತೋಡಿ ಬಿಸಿಲು ಕಾಯಲು ಬಿಟ್ಟು, ಮುಂಗಾರು ಹಿಡಿದ ಮೇಲೆ ಮೇಲ್ಮಣ್ಣಿಗೆ ಕೊಟ್ಟಿಗೆ ಗೊಬ್ಬರವನ್ನೂ ಸ್ವಲ್ಪ ಬೇವಿನ ಹಿಂಡಿಯನ್ನೂ ಬೆರೆಸಿ ತುಂಬಿ ಸಸಿ ನೆಡಬೇಕು. ಬುಡಕ್ಕೆ ತರಗೆಲೆ ಹೊದಿಸಿದರೆ ತೇವ ಉಳಿಯುತ್ತದೆ.

ಗಾಲಿಕುರ್ಚಿಯೂ ಸರಾಗವಾಗಿ ಸಾಗುವಂತೆ ದಾರಿ 5 ಅಡಿ ಅಗಲವಿರಲಿ. ಇಳಿಜಾರು 12 ಅಡಿ ಉದ್ದಕ್ಕೆ 1 ಅಡಿ ಏರಿಕೆಯನ್ನು ಮೀರದಿರಲಿ. ಹಾಸುಗಲ್ಲಿಗೆ ಪಾಲಿಶ್ ಬೇಡ, ಮಳೆಗಾಲದಲ್ಲಿ ಜಾರುತ್ತದೆ. ಅರಳಿಕಟ್ಟೆಯಂತೆ ಮರದ ಸುತ್ತ ಕಟ್ಟೆ ಕಟ್ಟುವುದಾದರೆ ಕಾಂಡದ ಬುಡವನ್ನು ಮಣ್ಣಿನಿಂದ ಹೂಳಬಾರದು, ಸಿಮೆಂಟಿನಿಂದ ಮುಚ್ಚಲೂಬಾರದು.

ಒಬ್ಬೊಬ್ಬರ ಹೆಸರಿಗೆ ಒಂದೊಂದು ಗಿಡ ಎಂಬ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಒಂದು ಕಾಲೇಜಿನ ಆವರಣದಲ್ಲಿ ಸಸಿ ಒಣಗಿ ಕಡ್ಡಿಯಾಗಿ, ಹುಡುಗನ ಹೆಸರು ಬರೆದ ತಗಡು ಮಾತ್ರ ತಂತಿಗೆ ನೇತಾಡುತ್ತಿದ್ದುದನ್ನು ಕಂಡಿದ್ದೇನೆ. ಅವನ ತಾಯಿ ಅದನ್ನು ನೋಡದಿರಲಿ ಎಂದು ಆ ಹೊತ್ತು ಬೇಡಿಕೊಂಡೆ. ಗಿಡಗಳೆಲ್ಲ ಎಲ್ಲರದಾಗಿರಲಿ, ಹೆಸರುಗಳಿಗೆ ಒಂದೇ ಕಲ್ಲು ಸಾಕು. ಮನೆಯವರ ಒಪ್ಪಿಗೆ ಪಡೆದು, ಹುದ್ದೆಯನ್ನಾಗಲಿ ಸಾವಿನ ಕಾರಣವನ್ನಾಗಲಿ ನಮೂದಿಸದೆ, ಉಪಕುಲಪತಿಗಳಾಗಿದ್ದವರ ಹೆಸರೂ ಹಾಸ್ಟೆಲ್ ಅಡುಗೆಯವರ ಹೆಸರೂ ಅಕ್ಷರಾನುಕ್ರಮದಲ್ಲಿ ಒಂದೇ ಅಳತೆಯಲ್ಲಿ ಬರಲಿ. ಬಣ್ಣದಲ್ಲಿ ಬರೆಸದೆ ಆಳವಾಗಿ ಕೆತ್ತಿಸಿ, ಕುಳಿತವರ ಬೆರಳಿಗೂ ಎಟಕುವ ಎತ್ತರದಲ್ಲಿ ಕಲ್ಲನ್ನು ನಿಲ್ಲಿಸಿ. ಬಂದವರು ಹೆಸರನ್ನು ಓದುವುದಷ್ಟೇ ಅಲ್ಲ, ಸವರುತ್ತಾರೆ.

ಉದ್ಘಾಟನೆಯ ಫಲಕವನ್ನು ವನದೊಳಗೆ ಹಾಕಬೇಡಿ, ಹೊರಗಿನ ಗೋಡೆಗಿರಲಿ. ಬಕುಳ ಹೂಬಿಡಲು ತೊಡಗಿದ ಮೇಲೆ, ಬೆಳಗ್ಗೆ ಹತ್ತು ಗಂಟೆಯವರೆಗೆ ನೆಲ ಗುಡಿಸಬಾರದೆಂದು ಮಾಲಿಗೆ ಹೇಳಿಡಿ.