ಯುನೈಟೆಡ್ ಸಿಗಾರ್ ಕತೆ ಹುಡುಕಬೇಕಾ? ಮೂಲೆ ಅಂಗಡಿಯಿಂದ ಶುರು ಮಾಡಿ

ಅಮೆರಿಕದ ಹಳೆಯ ಬೀದಿ ಫೋಟೋಗಳನ್ನು ನೋಡುತ್ತಾ ಕೂತರೆ ಒಂದು ಬೋರ್ಡು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಯುನೈಟೆಡ್ ಸಿಗಾರ್ ಸ್ಟೋರ್ಸ್. 1901ರಲ್ಲಿ ಶುರುವಾದ ಈ ಕಂಪನಿ ಊರೂರಿಗೂ ಹಬ್ಬಿ, 1932ರಲ್ಲಿ ದಿವಾಳಿಯಾಯಿತು. ಹೇಗೆ ಅಂತ ತಿಳಿಯಲು ದೊಡ್ಡ ಸಂಶೋಧಕರೇ ಆಗಬೇಕಿಲ್ಲ, ಹಳೆಯ ಫೋಟೋ ಮತ್ತು ಹಳೆಯ ಪತ್ರಿಕೆ ಸಾಕು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸಿಗಾರ್ ಕಡೆ ಜಾಸ್ತಿ ನೋಡಬೇಡಿ, ಬಾಡಿಗೆ ಕಡೆ ನೋಡಿ.

ಶುರುವಿಗೆ ನ್ಯೂಯಾರ್ಕಿನ ಫ್ಲಾಟೈರನ್ ಕಟ್ಟಡದ ಹಳೆಯ ಫೋಟೋ ತೆಗೆಯಿರಿ, ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ ತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಕಟ್ಟಡದ ಎತ್ತರ ಬಿಡಿ, ಬುಡ ನೋಡಿ. ಬ್ರಾಡ್‌ವೇ ಮತ್ತು ಫಿಫ್ತ್ ಅವೆನ್ಯೂ ಸೇರುವ ಚೂಪು ತುದಿಗೆ ಅಂಟಿಕೊಂಡ ಹಾಗೆ ಒಂದಂತಸ್ತಿನ ಗಾಜಿನ ಗೂಡು ಇದೆ. ಅಲ್ಲೇ ಇತ್ತು ಯುನೈಟೆಡ್ ಸಿಗಾರ್ ಅಂಗಡಿ. ಎರಡು ದೊಡ್ಡ ರಸ್ತೆಯಲ್ಲಿ ಓಡಾಡುವವರೆಲ್ಲ ಅದರ ಮುಂದೆಯೇ ಹಾದು ಹೋಗಬೇಕು. ಸಿಗಾರ್ ಕೊಳ್ಳುವವನು ಅಂಗಡಿ ಹುಡುಕಿಕೊಂಡು ಬರುವುದಿಲ್ಲ, ನಡೆಯುವ ದಾರಿಯಲ್ಲಿ ಕಂಡರೆ ಒಳಗೆ ಕಾಲಿಡುತ್ತಾನೆ ಅಷ್ಟೆ. ಇದನ್ನು ಕಂಪನಿ ಕಟ್ಟಿದ ಜಾರ್ಜ್ ವೀಲನ್ ಚೆನ್ನಾಗಿ ಅರಿತಿದ್ದ. ಜಾಗ ಹಿಡಿಯುವ ಮೊದಲು ಈ ಕಂಪನಿಯವರು ಬೀದಿಯಲ್ಲಿ ನಿಂತು ಹೋಗಿ ಬರುವ ಜನರನ್ನು ಎಣಿಸುತ್ತಿದ್ದರು.

ಆಮೇಲೆ ಪತ್ರಿಕೆಗಳಿಗೆ ಬನ್ನಿ. ಲೈಬ್ರರಿ ಆಫ್ ಕಾಂಗ್ರೆಸ್‌ನ ಕ್ರಾನಿಕ್ಲಿಂಗ್ ಅಮೆರಿಕ ಎಂಬ ಹಳೆಯ ಪತ್ರಿಕೆಗಳ ಸಂಗ್ರಹದಲ್ಲಿ ಕಂಪನಿ ಹೆಸರು ಹಾಕಿ, 1901ರಿಂದ 1911ರವರೆಗೆ ಹುಡುಕಿ. ಈ 1911 ಯಾಕೆಂದರೆ, ತಂಬಾಕು ವ್ಯಾಪಾರವನ್ನು ಬಹುಪಾಲು ಕೈಯಲ್ಲಿಟ್ಟುಕೊಂಡಿದ್ದ ಕಂಪನಿಕೂಟ ಅಮೆರಿಕನ್ ಟೊಬ್ಯಾಕೊ ಟ್ರಸ್ಟನ್ನು ಒಡೆಯಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು ಆ ವರ್ಷ. ಯುನೈಟೆಡ್‌ಗೆ ದುಡ್ಡಿನ ಬಲ ಆ ಟ್ರಸ್ಟಿನಿಂದಲೇ ಬಂದಿತ್ತು. ಪಕ್ಕದ ಬೀದಿಯ ಚಿಕ್ಕ ಅಂಗಡಿಯವರು ಇವರನ್ನು ಕಂಡರೆ ಯಾಕೆ ಉರಿದು ಬೀಳುತ್ತಿದ್ದರು ಅನ್ನುವುದು ಇದು ಗೊತ್ತಿಲ್ಲದಿದ್ದರೆ ಅರ್ಥವಾಗುವುದಿಲ್ಲ. ಜಾಹೀರಾತುಗಳಲ್ಲಿ ಕೂಪನ್ನೂ ಕಾಣುತ್ತದೆ: ಕೊಂಡಾಗ ಕೊಡುವ ಚೀಟಿ ಕೂಡಿಟ್ಟರೆ ಬದಲಿಗೆ ಸಾಮಾನು. ಒಂದು ಸಲ ಬಂದ ಗಿರಾಕಿ ಮತ್ತೆ ಬರಲಿ ಅನ್ನುವ ಉಪಾಯ.

ಈಗ ಮುಖ್ಯ ವಿಷಯ. 1920ರ ದಶಕದ ಫೋಟೋಗಳಲ್ಲಿ ಅಂಗಡಿಯ ಅಗಲ ಅಳೆಯಿರಿ, ಕಣ್ಣಂದಾಜಿನಲ್ಲೇ ಸಾಕು. ಎಷ್ಟೋ ಕಡೆ ಮೂಲೆಯಲ್ಲಿ ಒಂದು ಸಣ್ಣ ಪಟ್ಟಿ ಮಾತ್ರ ಯುನೈಟೆಡ್‌ದು, ಪಕ್ಕದ್ದೆಲ್ಲ ಬೇರೆಯವರದು. ಕಂಪನಿ ಮಾಡುತ್ತಿದ್ದುದು ಇಷ್ಟು: ಇಡೀ ಮೂಲೆಯನ್ನು ವರ್ಷಗಟ್ಟಲೆ ಗುತ್ತಿಗೆಗೆ ಹಿಡಿಯುವುದು, ತನಗೆ ಬೇಕಾದ ತುಂಡು ಇಟ್ಟುಕೊಂಡು ಉಳಿದದ್ದನ್ನು ಒಳಬಾಡಿಗೆಗೆ ಕೊಡುವುದು. ಬಾಡಿಗೆ ಏರುತ್ತಾ ಇದ್ದಷ್ಟು ದಿನ ಇದು ಬಂಗಾರದ ಮೊಟ್ಟೆ, ಸಿಗಾರ್ ಮಾರಿದ್ದಕ್ಕಿಂತ ಜಾಗದ ಮೇಲಿನ ಆಸೆಯೇ ದೊಡ್ಡದಾಯಿತು ಅಂತ ನನಗನಿಸುತ್ತದೆ. ಅದೇ ಹೊತ್ತಿಗೆ ಜನ ಸಿಗಾರ್ ಬಿಟ್ಟು ಸಿಗರೇಟಿಗೆ ಹೊರಳಿದರು, ಸಿಗರೇಟು ದಿನಸಿ ಅಂಗಡಿಯಲ್ಲೂ ಔಷಧಿ ಅಂಗಡಿಯಲ್ಲೂ ಕಡಿಮೆ ಬೆಲೆಗೆ ಸಿಗುತ್ತಿತ್ತು. 1929ರಲ್ಲಿ ಷೇರುಪೇಟೆ ಕುಸಿಯಿತು. ಒಳಬಾಡಿಗೆಯವರು ಖಾಲಿ ಮಾಡಿದರು. ಆದರೆ ಕಂಪನಿ ಸಹಿ ಹಾಕಿದ ಗುತ್ತಿಗೆಯ ಬಾಡಿಗೆ ಮಾತ್ರ ಇಳಿಯಲಿಲ್ಲ.

1932ರ ಆಗಸ್ಟ್ ತಿಂಗಳ ಪತ್ರಿಕೆಗಳನ್ನು ಬಿಡದೆ ಓದಿ. ದಿವಾಳಿ ಅರ್ಜಿ ಆಗಲೇ ಬಿದ್ದದ್ದು. ಅಲ್ಲಿಗೇ ನಿಲ್ಲಿಸಬೇಡಿ, ಕೋರ್ಟ್ ತೀರ್ಪುಗಳನ್ನೂ ನೋಡಿ, ಕಟ್ಟಡದ ಮಾಲೀಕರ ಪಾಡು ಅಲ್ಲಿದೆ. ಆಗಿನ ದಿವಾಳಿ ಕಾನೂನಿನಲ್ಲಿ ಮುಂದಿನ ವರ್ಷಗಳ ಬಾಡಿಗೆ ಕೇಳಲು ಅವರಿಗೆ ದಾರಿಯೇ ಇರಲಿಲ್ಲ ಅನ್ನಬಹುದು. 1934ರ ತಿದ್ದುಪಡಿ ಬಂದ ಮೇಲೆ, ಕಂಪನಿಯನ್ನು ಮತ್ತೆ ಕಟ್ಟುವ ಪ್ರಕರಣಗಳಲ್ಲಿ ಹೆಚ್ಚೆಂದರೆ 3 ವರ್ಷದ ಬಾಡಿಗೆಯಷ್ಟು ಕೇಳಬಹುದಾಯಿತು.

ಕೊನೆಗೆ, ನಿಮಗೆ ಸಿಕ್ಕಿದ ನ್ಯೂಯಾರ್ಕ್ ಮೂಲೆಗಳ ವಿಳಾಸ ಬರೆದಿಟ್ಟುಕೊಳ್ಳಿ. ಅಲ್ಲಿನ ಮುನಿಸಿಪಲ್ ಆರ್ಕೈವ್ಸ್‌ನಲ್ಲಿ ತೆರಿಗೆಗಾಗಿ 1939ರಿಂದ 1941ರವರೆಗೆ ತೆಗೆದ ಕಟ್ಟಡಗಳ ಫೋಟೋಗಳಿವೆ, ವಿಳಾಸ ಹಾಕಿ ಹುಡುಕಬಹುದು. ವೀಲನ್ ಹೆಸರು ಸೇರಿಸಿಕೊಂಡು ಕಂಪನಿ ಮತ್ತೆ ಎದ್ದಿತ್ತು, ಹಾಗಾಗಿ ಕೆಲವು ಮೂಲೆಗಳಲ್ಲಿ ಯುನೈಟೆಡ್ ಪಕ್ಕದಲ್ಲೇ ವೀಲನ್ ಔಷಧಿ ಅಂಗಡಿಯ ಬೋರ್ಡೂ ಸಿಗಬಹುದು. ಹಳೆಯ ಫೋಟೋ, ಈ ಫೋಟೋ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ.