ಕನಗನಹಳ್ಳಿಯ ಅಕ್ಷರ ಓದಲು ಒಂದು ಕನ್ನಡಿ

ಹಳೆಯ ಶಾಸನಗಳ ಅಕ್ಷರ ಓದಲು, ಸನ್ನತಿ ಹತ್ತಿರದ ಕನಗನಹಳ್ಳಿಗೆ ನಾನು ಮೊದಲ ಸಲ ಹೋದದ್ದು ನಡುಮಧ್ಯಾಹ್ನ. ಅನುಮತಿ ಇತ್ತು, ಪುಸ್ತಕ, ಪೆನ್ಸಿಲ್ಲು, ಕ್ಯಾಮೆರಾ ಎಲ್ಲಾ ಇತ್ತು. ಆದರೆ ಅಂಗಾತ ಮಲಗಿಸಿದ್ದ ಚಪ್ಪಡಿಯ ಮೇಲೆ ಒಂದು ಅಕ್ಷರವೂ ಕಾಣಲಿಲ್ಲ. ನಮ್ಮ ಮನೆಗಳಿಗೆ ಹಾಸುವ ಶಹಾಬಾದ್ ಫರ್ಸಿ ಇದೆಯಲ್ಲ, ಆ ಜಾತಿಯ ಸುಣ್ಣಕಲ್ಲು ಅದು. ನೆತ್ತಿಯ ಬಿಸಿಲಿಗೆ ಬರೀ ಬೆಳ್ಳಗೆ ಹೊಳೆಯುತ್ತಿತ್ತು.

ಸನ್ನತಿ ಅಂದರೆ ಕಲಬುರಗಿ ಕಡೆಯವರಿಗೆ ಚಂದ್ರಲಾಂಬೆಯ ಗುಡಿ. 1986ರಲ್ಲಿ ಅದರ ಆವರಣದ ಕಾಳಿ ಗುಡಿಯ ಚಾವಣಿ ಕುಸಿದ ಮೇಲೆ, ಮೂರ್ತಿಯ ಪೀಠವಾಗಿದ್ದ ಕಲ್ಲೇ ಅಶೋಕನ ಶಾಸನ ಎಂದು ಗೊತ್ತಾಯಿತು. ಮೂರ್ತಿ ನಿಲ್ಲಿಸಲು ಹಿಂದೆ ಯಾರೋ ಅದರ ನಡುವೆಯೇ ತೂತು ಕೊರೆದಿದ್ದರು. ಅಷ್ಟು ಅಕ್ಷರ ಹೋಗಿಯೇಬಿಟ್ಟಿತು. 1990ರ ದಶಕದಲ್ಲಿ ಹತ್ತಿರದ ಕನಗನಹಳ್ಳಿಯಲ್ಲಿ ಅಗೆದಾಗ ದೊಡ್ಡ ಬೌದ್ಧ ಸ್ತೂಪ ಸಿಕ್ಕಿತು, ಸುತ್ತ ಕೆತ್ತನೆಯ ಚಪ್ಪಡಿಗಳು ಕುಸಿದು ಬಿದ್ದಿದ್ದವು. ಶಾಸನಗಳಲ್ಲಿ ಅದರ ಹೆಸರು ‘ಅಧೋಲೋಕ ಮಹಾಚೇತಿಯ’.

ಎರಡನೇ ಸಲ ಒಂದು ಕೊಡೆ, ಒಂದು ಅಗಲವಾದ ಕನ್ನಡಿ ಒಯ್ದೆ. ಗೆಳೆಯ ಕೊಡೆ ಹಿಡಿದು ಚಪ್ಪಡಿಗೆ ನೆರಳು ಮಾಡಿದ. ನಾನು ಐದಾರು ಹೆಜ್ಜೆ ದೂರದಲ್ಲಿ ಕೂತು, ಕನ್ನಡಿಯನ್ನು ನೆಲದ ಮಟ್ಟಕ್ಕೆ ತಂದು, ಬಿಸಿಲನ್ನು ಕಲ್ಲಿನ ಮೇಲೆ ಸವರಿದ ಹಾಗೆ ಬಿಟ್ಟೆ. ತಟ್ಟನೆ ಗೀರುಗಳಲ್ಲಿ ನೆರಳು ತುಂಬಿ ಒಂದು ಸಾಲು ಎದ್ದು ನಿಂತಿತು! ಅಲ್ಲೇ ನಿಂತಿದ್ದ ಹಿರಿಯರೊಬ್ಬರು “ಏನ್ ನೋಡ್ಲಾಕತ್ತೀರಿ ಸರ?” ಅಂತ ಹತ್ತಿರ ಬಂದರು. ಕೊನೆಗೆ ಕೊಡೆ ಅವರ ಕೈಗೆ ಹೋಯಿತು, ಗೆಳೆಯ ಕ್ಯಾಮೆರಾ ಹಿಡಿದ.

ಈ ಶಾಸನಗಳ ಲಿಪಿ ಬ್ರಾಹ್ಮಿ. ಅದರ ‘ಕ’ ಸುಲಭ, ಕೂಡಿಸುವ ಗುರುತಿನ ಹಾಗೆ ಇರುತ್ತದೆ, ಇಲ್ಲಿ ಅದರ ಕಾಲು ಸ್ವಲ್ಪ ಉದ್ದ. ತಲೆಯ ಬಲಕ್ಕೆ ಗೀರು ಬಂದರೆ ‘ಕಾ’, ಎಡಕ್ಕೆ ಬಂದರೆ ‘ಕೆ’, ಎರಡೂ ಕಡೆ ಬಂದರೆ ‘ಕೊ’. ಇಲ್ಲಿನ ಹೆಸರುವಾಸಿ ಚಪ್ಪಡಿಯಲ್ಲಿ ರಾಜ, ರಾಣಿ, ಕೊಡೆ ಚಾಮರ ಹಿಡಿದವರು ಇದ್ದಾರೆ, ಜೊತೆಗೆ ‘ರಾಯ ಅಸೋಕೋ’ ಎಂಬ ಬರಹ. ನಾನು ಅಕ್ಷರ ತಿದ್ದಿದ್ದು ಆ ಎರಡು ಪದಗಳ ಮೇಲೆಯೇ.

ಆದರೂ ಸ್ತೂಪಕ್ಕೆ ದಾನ ಕೊಟ್ಟವರೊಬ್ಬರ ಹೆಸರಿನಲ್ಲಿ ‘ಕಾ’ ಇದ್ದದ್ದನ್ನು ‘ಕೊ’ ಎಂದು ಬರೆದುಕೊಂಡಿದ್ದೆ. ಎಡಗಡೆ ಕಂಡದ್ದು ಉಳಿಯ ಗೀರಲ್ಲ, ಕಲ್ಲಿನದೇ ಕಪ್ಪು ಎಳೆ. ಕನ್ನಡಿಯನ್ನು ಎದುರು ಬದಿಗೆ ಒಯ್ದಾಗ ಗುಟ್ಟು ಬಯಲಾಯಿತು. ಉಳಿಯಿಂದ ಕೊರೆದ ಗೀರಿನಲ್ಲಿ ನೆರಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಜಿಗಿಯುತ್ತದೆ. ಕಲ್ಲಿನ ಎಳೆ ಮಾತ್ರ ಹಾಗೇ ಇರುತ್ತದೆ. ಅಂದಿನಿಂದ ಪ್ರತಿ ಅಕ್ಷರಕ್ಕೂ ಕನಿಷ್ಠ ನಾಲ್ಕು ದಿಕ್ಕಿನಿಂದ ಬೆಳಕು ಬಿಡುತ್ತೇನೆ. ಯಾಕಂದ್ರೆ ಗೀರಿನ ಉದ್ದಕ್ಕೇ ಬೆಳಕು ಬಿದ್ದರೆ ಅದು ಮಾಯವಾಗುತ್ತದೆ.

ದಯವಿಟ್ಟು ಅಕ್ಷರದೊಳಗೆ ಸೀಮೆಸುಣ್ಣ ತುಂಬಬೇಡಿ. ಕಲ್ಲಿಗೆ ಕೇಡು, ಅಷ್ಟೇ ಅಲ್ಲ. ನೀವು ತಪ್ಪು ಗೀರಿಗೆ ಬಿಳಿ ಹಚ್ಚಿದರೆ ನಿಮ್ಮ ನಂತರ ಬಂದವರ ಕಣ್ಣೂ ಅದನ್ನೇ ಓದುತ್ತದೆ.

ಆ ದಾನಿಯ ಹೆಸರಿದ್ದ ಸಾಲಿನ ಕೊನೆಯ ಎರಡು ಅಕ್ಷರ ಸವೆದಿವೆ. ಪುಸ್ತಕದಲ್ಲಿ ಅವಕ್ಕೆ ಚುಕ್ಕಿ ಹಾಕಿ ಬಿಟ್ಟಿದ್ದೇನೆ. ಡಿಸೆಂಬರಿನಲ್ಲಿ ಬಿಸಿಲು ಜಾಸ್ತಿ ಹೊತ್ತು ಓರೆಯಾಗಿ ಬೀಳುತ್ತದೆ, ಆಗ ಮತ್ತೆ ಹೋಗಬೇಕು.