ಕಾಫಿ ಎಲೆಯ ಹಸಿರು ಬೆಳಕಿಗೆ ಮಾಸುವುದನ್ನು ಅಳೆದಿದ್ದು

ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವುದು) ಜಾಸ್ತಿಯಾದ ಕಡೆ ಕಾಫಿ ಎಲೆ ಬಿಸಿಲಿಗೆ ಹಳದಿಯಾಗುವುದು ಚಿಕ್ಕಮಗಳೂರಿನ ಬೆಳೆಗಾರರಿಗೆಲ್ಲ ಗೊತ್ತು. ಅದಕ್ಕೆ ಕಾರಣಗಳು ಹಲವು. ಅದರಲ್ಲಿ ಒಂದನ್ನು ನಮ್ಮ ಕಾಲೇಜಿನ ಲ್ಯಾಬ್‌ನಲ್ಲೇ ಹಿಡಿಯಬೇಕು ಅನ್ನಿಸಿತು: ಬೆಳಕು ಹೀರಿದ ಕ್ಲೋರೋಫಿಲ್ ಅಣು ಯಾವ ಸ್ಥಿತಿಯಲ್ಲಿದ್ದಾಗ ಹಾಳಾಗುತ್ತದೆ? ನಮ್ಮಲ್ಲಿರುವುದು ದ್ರಾವಣ ಯಾವ ಬಣ್ಣದ ಬೆಳಕನ್ನು ಎಷ್ಟು ಹೀರುತ್ತದೆ ಎಂದು ಅಳೆಯುವ ಮಾಮೂಲಿ ಸ್ಪೆಕ್ಟ್ರೋಫೋಟೋಮೀಟರ್ ಅಷ್ಟೇ.

ಕಷ್ಟ ಶುರುವಾಗುವುದು ಎಲೆ ಅರೆಯುವಾಗಲೇ. ಕಾಫಿ ಎಲೆಯಲ್ಲಿ ಆಮ್ಲ ಇರುತ್ತದೆ. ಅದು ಕ್ಲೋರೋಫಿಲ್‌ನ ನಡುವಿರುವ ಮೆಗ್ನೀಸಿಯಂ ಅನ್ನು ಹೊರಹಾಕುತ್ತದೆ, ಹಸಿರು ಕಂದಿ ಹೋಗುತ್ತದೆ. ಅದಕ್ಕೇ ಚಿಟಿಕೆ ಮೆಗ್ನೀಸಿಯಂ ಕಾರ್ಬೊನೇಟ್ ಹಾಕಿ, ತಣ್ಣನೆಯ ಅಸಿಟೋನ್‌ನಲ್ಲಿ, ಮಬ್ಬು ಬೆಳಕಲ್ಲಿ ಅರೆಯುತ್ತೇನೆ. ರಸ ತುಂಬಿ ಅಳೆಯುವ ಪುಟ್ಟ ಪಾತ್ರೆ, ಅಂದರೆ ಕ್ಯುವೆಟ್, ಪ್ಲಾಸ್ಟಿಕ್ಕಿನದು ಬೇಡ, ಅಸಿಟೋನ್ ಅದನ್ನು ತಿನ್ನುತ್ತದೆ. ಮುಚ್ಚಳವಿರುವ ಗಾಜಿನದೇ ಆಗಬೇಕು.

ಈ ರಸಕ್ಕೆ ನೀಲಿ ಟಾರ್ಚ್ ಹಿಡಿದರೆ ಕೆಂಪಗೆ ಹೊಳೆಯುತ್ತದೆ. "ಮೇಡಂ, ನೀಲಿ ಕೊಟ್ರೂ ಕೆಂಪೇ ಬರುತ್ತಲ್ಲ?" ಅಂತ ಒಬ್ಬ ವಿದ್ಯಾರ್ಥಿ ಕೇಳಿದ. ಸರಿಯಾದ ಪ್ರಶ್ನೆ. 430 ನ್ಯಾನೋಮೀಟರ್‌ನ ನೀಲಿ ಅಣುವನ್ನು ಮೇಲಿನ ಸ್ಥಿತಿಗೆ ಏರಿಸುತ್ತದೆ, 660ರ ಕೆಂಪು ಅದರ ಕೆಳಗಿನ ಸ್ಥಿತಿಗೆ. ಮೇಲೆ ಹೋದದ್ದು ಒಂದು ಪಿಕೋಸೆಕೆಂಡ್ ಕೂಡ ನಿಲ್ಲದೆ ಕೆಳಗಿನದಕ್ಕೆ ಜಾರುತ್ತದೆ. ಅಲ್ಲಿಂದ ಕೆಲವು ನ್ಯಾನೋಸೆಕೆಂಡ್‌ಗಳಲ್ಲಿ ಒಂದೋ ಕೆಂಪು ಬೆಳಕು ಬಿಡುತ್ತದೆ, ಇಲ್ಲವೇ ಎಲೆಕ್ಟ್ರಾನ್ ಸ್ಪಿನ್ ತಿರುಗಿ ಟ್ರಿಪ್ಲೆಟ್ ಸ್ಥಿತಿಗೆ ಹೋಗುತ್ತದೆ. ಟ್ರಿಪ್ಲೆಟ್‌ನ ಆಯಸ್ಸು ಎಷ್ಟೋ ಪಟ್ಟು ಜಾಸ್ತಿ. ನನ್ನ ಅನುಮಾನ ಇದ್ದದ್ದು ಅದರ ಮೇಲೇ.

ಬೆಳಕಿಗೆ 660ರ ಕೆಂಪು ಎಲ್‌ಇಡಿಯನ್ನೇ ಆರಿಸಿಕೊಂಡೆ. ನೀಲಿಯನ್ನು ಎಲೆಯ ಹಳದಿ ಬಣ್ಣದ ವಸ್ತುಗಳಾದ ಕ್ಯಾರೊಟಿನಾಯ್ಡ್‌ಗಳೂ ಹೀರುತ್ತವೆ, ಕೆಂಪನ್ನು ಹೀರುವುದಿಲ್ಲ. ಬಿಸಿಯಾಗದ ಹಾಗೆ ಕ್ಯುವೆಟ್ ಅನ್ನು ನೀರಲ್ಲಿಟ್ಟೆ. ಇನ್ನೊಂದನ್ನು ಫಾಯಿಲ್ ಸುತ್ತಿ ಅದರ ಪಕ್ಕದಲ್ಲೇ ಇಟ್ಟೆ. ಬೆಳಕು ಬಿದ್ದದ್ದರಲ್ಲಿ ಕ್ಲೋರೋಫಿಲ್ ಬೆಳಕು ಹೆಚ್ಚು ಹೀರುವ 663ರ ಶಿಖರ ಇಳಿಯುತ್ತಾ ಬಂತು, ಕತ್ತಲಲ್ಲಿದ್ದದ್ದು ಹಾಗೇ ಇತ್ತು. ಶಿಖರ ಇಳಿದದ್ದಷ್ಟೇ ನೋಡಿದರೆ ಸಾಲದು. 430ರ ಶಿಖರ 410ರ ಕಡೆ ಸರಿದರೆ ಅದು ಆಮ್ಲದ ಕೆಲಸ, ಬೆಳಕಿನದಲ್ಲ. ನಮ್ಮದು ಸರಿಯಲಿಲ್ಲ.

ಆಮೇಲೆ ಅದೇ ರಸದ ಇನ್ನೊಂದು ಪಾಲಿಗೆ ನೈಟ್ರೋಜನ್ ಹಾಯಿಸಿ ಆಮ್ಲಜನಕ ತೆಗೆದೆ. ಇಲ್ಲಿ ಒಂದು ಮಾತು: ಒಣ ನೈಟ್ರೋಜನ್ ಬಿಟ್ಟರೆ ಅಸಿಟೋನ್ ಆರಿ ರಸ ಗಟ್ಟಿಯಾಗುತ್ತದೆ, ಅಳತೆ ಹಾಳಾಗುತ್ತದೆ. ಮೊದಲು ಅಸಿಟೋನ್ ಇರುವ ಬಾಟಲಿ ಮೂಲಕ ಗ್ಯಾಸ್ ಹಾಯಿಸಿ, ನಂತರ ಕ್ಯುವೆಟ್‌ಗೆ ಬಿಡಬೇಕು. ಅದೇ ಎಲ್‌ಇಡಿ, ಅದೇ ದೂರ. ಈ ಸಲ ಹಸಿರು ಬಹಳ ನಿಧಾನವಾಗಿ ಮಾಸಿತು.

ಮೊದಲು ಹೇಳಿದ ಆ ಕೆಳಗಿನ ಸ್ಥಿತಿ ಇರುವ ನ್ಯಾನೋಸೆಕೆಂಡ್‌ಗಳಲ್ಲಿ ಆಮ್ಲಜನಕ ಸಿಗುವುದು ಕಡಿಮೆ. ಟ್ರಿಪ್ಲೆಟ್‌ಗೆ ಪುರುಸೊತ್ತಿದೆ. ಅದು ತನ್ನ ಶಕ್ತಿಯನ್ನು ಆಮ್ಲಜನಕಕ್ಕೆ ಕೊಟ್ಟು ಸಿಂಗ್ಲೆಟ್ ಆಕ್ಸಿಜನ್ ಎಂಬ ಬಹಳ ಚುರುಕಾದ ಆಮ್ಲಜನಕ ಮಾಡುತ್ತದೆ, ಅದು ತಿರುಗಿ ಕ್ಲೋರೋಫಿಲ್ ಮೇಲೇ ಬೀಳುತ್ತದೆ. ನಮ್ಮ ಫಲಿತಾಂಶ ಇದಕ್ಕೆ ಹೊಂದುತ್ತದೆ. ಆದರೆ ಇದು ಪರೋಕ್ಷ ಸಾಕ್ಷಿ. ಟ್ರಿಪ್ಲೆಟ್ ಅನ್ನು ನೇರವಾಗಿ ನೋಡಲು ಕ್ಷಣಮಾತ್ರದ ಬೆಳಕಿನ ಮಿಂಚು ಹಾಯಿಸಿ ಅಲ್ಪಾಯುಷಿ ಸ್ಥಿತಿಗಳನ್ನು ಹಿಡಿಯುವ ಫ್ಲ್ಯಾಶ್ ಫೋಟೋಲಿಸಿಸ್ ಬೇಕು. ನಾರಿಷ್ ಮತ್ತು ಪೋರ್ಟರ್ 1967ರಲ್ಲಿ ಐಗನ್ ಜೊತೆ ರಸಾಯನಶಾಸ್ತ್ರದ ನೊಬೆಲ್ ಪಡೆದದ್ದು ಅಂಥ ಕೆಲಸಕ್ಕೇ.

ಮುಂದೆ ಕ್ಯಾರೊಟಿನಾಯ್ಡ್‌ಗಳನ್ನು ಬೇರ್ಪಡಿಸಿ ಇದನ್ನೇ ಮಾಡಬೇಕು. ಟ್ರಿಪ್ಲೆಟ್ ಅನ್ನೂ ಸಿಂಗ್ಲೆಟ್ ಆಕ್ಸಿಜನ್ ಅನ್ನೂ ತಣಿಸುವುದು ಅವೇ. ಅವಿಲ್ಲದ ರಸ ಇನ್ನೂ ಬೇಗ ಮಾಸಬೇಕು. ನೆರಳಿನ ಎಲೆ, ಬಿಸಿಲಿನ ಎಲೆ ಎರಡನ್ನೂ ಒಂದೇ ಗಿಡದಿಂದ ತರಲು ವಿದ್ಯಾರ್ಥಿಗಳಿಗೆ ಹೇಳಿದ್ದೇನೆ.